ರನ್‌ವೇ ಬೇಡದ ವಿದ್ಯೆ

ಎನ್‌ಸಿಸಿ ವಾಯುದಳದ ಚರಿತ್ರೆಯನ್ನು ವಿಮಾನಗಳ ಹೆಸರು ಹಿಡಿದು ಹೇಳುವುದು ರೂಢಿ. 1948ರಲ್ಲಿ ಎನ್‌ಸಿಸಿ ಕಾಯ್ದೆಯಾಯಿತು. 1950ರ ಏಪ್ರಿಲ್ 1ರಂದು ಮುಂಬಯಿ ಮತ್ತು ಕಲ್ಕತ್ತಗಳಲ್ಲಿ ಒಂದೊಂದು ಸ್ಕ್ವಾಡ್ರನ್ನಿನಿಂದ ವಾಯುದಳ ಶುರುವಾಯಿತು. ಮುಂದೆ ಕೆಡೆಟ್‌ಗಳು ಮರದ ರೋಹಿಣಿ ಗ್ಲೈಡರಿನಲ್ಲಿ ಕೂತರು. ಆಮೇಲೆ ಅರ್ಧ್ರಾ ಬಂತು, ಮೈಕ್ರೋಲೈಟ್‌ಗಳು ಬಂದವು. 2015ರಲ್ಲಿ ಸ್ಲೊವೇನಿಯಾದ ಪಿಪಿಸ್ಟ್ರೆಲ್ ಕಂಪನಿಗೆ ಕೊಟ್ಟ 194 ವಿಮಾನಗಳ ಬೇಡಿಕೆಯಲ್ಲಿ 110 ಎನ್‌ಸಿಸಿಯ ಪಾಲಿಗೆಂದು ಗೊತ್ತಾದವು. ಈ ಪಟ್ಟಿಯಲ್ಲಿ ಸುಳ್ಳೇನೂ ಇಲ್ಲ. ಆದರೆ ಇದರ ಪಕ್ಕದಲ್ಲೇ ನಡೆದುಬಂದ ಇನ್ನೊಂದು ವಿದ್ಯೆ ಪಟ್ಟಿಯಲ್ಲಿ ಸೇರುವುದಿಲ್ಲ. ಅದು ಏರೋಮಾಡೆಲಿಂಗ್: ಕೈಯಲ್ಲಿ ಹಿಡಿಯುವಷ್ಟು ವಿಮಾನವನ್ನು ತಾನೇ ಕಟ್ಟಿ, ತಾನೇ ಹಾರಿಸಿ, ಮುರಿದರೆ ತಾನೇ ಅಂಟಿಸುವ ಕೆಲಸ. ವಾಯು ಸೈನಿಕ ಶಿಬಿರದ ಸ್ಪರ್ಧೆಗಳಲ್ಲಿ ಇದಕ್ಕೆ ಜಾಗವಿದೆ, ಪಠ್ಯದಲ್ಲಿ ಪಾಠವಿದೆ, ಘಟಕಗಳಲ್ಲಿ ಇದಕ್ಕೆಂದೇ ಒಬ್ಬ ಬೋಧಕನ ಹುದ್ದೆಯೂ ಇದೆ. ಆ ಹುದ್ದೆಯ ಪೂರ್ತಿ ಹೆಸರು ‘ಏರೋಮಾಡೆಲಿಂಗ್ ಇನ್‌ಸ್ಟ್ರಕ್ಟರ್ ಕಮ್ ಸ್ಟೋರ್‌ಕೀಪರ್’. ಪಾಠ ಹೇಳುವವನೇ ಉಗ್ರಾಣದ ಬೀಗದ ಕೈಯನ್ನೂ ಇಟ್ಟುಕೊಳ್ಳಬೇಕು. ಈ ವಿದ್ಯೆಗೆ ಸಂಸ್ಥೆ ಕೊಟ್ಟ ತೂಕ ಎಷ್ಟೆಂಬುದಕ್ಕೆ ಬೇರೆ ದಾಖಲೆ ಹುಡುಕಬೇಕಾಗಿಲ್ಲ.

ಈ ಲೇಖನದ ವಾದ ಇಷ್ಟು. ಏರೋಮಾಡೆಲಿಂಗ್‌ಗೆ, ಅದರಲ್ಲೂ ಎಂಜಿನ್ ಇಲ್ಲದ ಮಾದರಿ ಗ್ಲೈಡರಿಗೆ, ರನ್‌ವೇ ಬೇಡ. ಆದರೂ ನಮ್ಮ ನಾಡಿನಲ್ಲಿ ಅದು ರನ್‌ವೇ ಇದ್ದ ಊರುಗಳ ಬೆನ್ನುಹತ್ತಿಯೇ ಹೋಯಿತು. ವಾಯು ಸ್ಕ್ವಾಡ್ರನ್ ಇರಬೇಕಾದರೆ ವಿಮಾನ ಏರಿಳಿಯುವ ನೆಲ ಬೇಕು. ಅದಕ್ಕೆ ಸ್ಕ್ವಾಡ್ರನ್‌ಗಳು ಅಂಥ ನೆಲದ ಹತ್ತಿರವೇ ನೆಲೆಯಾದವು. ಮಾದರಿ ವಿಮಾನದ ಪಾಠ ಸ್ಕ್ವಾಡ್ರನ್ನಿನ ಜೊತೆಗಿದ್ದುದರಿಂದ ಅದೂ ಅಲ್ಲೇ ನಿಂತಿತು. ಬೆಂಗಳೂರಿನ ಜಕ್ಕೂರಿನಲ್ಲಿ 1949ರಿಂದ ಸರ್ಕಾರಿ ವೈಮಾನಿಕ ತರಬೇತಿ ಶಾಲೆಯಿದೆ, ಹಾಗಾಗಿ ಅಲ್ಲಿ ಇದು ಬೇರೂರಲು ಕಾರಣವಿತ್ತು. ಅಂಥ ನೆಲವಿಲ್ಲದ ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ತಾಲ್ಲೂಕುಗಳ ಕಡೆ ಕಾಲೇಜು ಹುಡುಗರು ಎನ್‌ಸಿಸಿ ಎಂದರೆ ಖಾಕಿ ಬಟ್ಟೆ, ಪರೇಡು, ರೈಫಲ್ಲು ಎಂದೇ ತಿಳಿದರು. ವಿಜಯಪುರದ ಮಗ್ಗುಲಿನ ಮದಭಾವಿ ಕಡೆ ವಿಮಾನ ನಿಲ್ದಾಣದ ಕೆಲಸ ಕೈಗೆ ಹತ್ತಿದ್ದೇ ಈ ದಶಕದಲ್ಲಿ. ವಿಜಯಪುರದಲ್ಲಿ 1963ರಿಂದ ಸೈನಿಕ ಶಾಲೆ ಇದೆಯಲ್ಲ ಎನ್ನಬಹುದು. ಇದೆ, ಹೆಮ್ಮೆಯ ಶಾಲೆಯೇ. ಆದರೆ ಅದು ರಾಜ್ಯದ ಎಲ್ಲ ಕಡೆಯಿಂದ ಪರೀಕ್ಷೆ ಬರೆಸಿ ಮಕ್ಕಳನ್ನು ಆರಿಸಿಕೊಳ್ಳುವ ವಸತಿ ಶಾಲೆ. ಆಲಮೇಲದ ಹುಡುಗಿಯೋ ನಾಲತವಾಡದ ಹುಡುಗನೋ ತಮ್ಮೂರಿನ ಕಾಲೇಜಿನಲ್ಲೇ ಓದುತ್ತ ಕಲಿಯಬಹುದಾದ ವಿದ್ಯೆಯ ಮಾತು ಬೇರೆ.

ಗ್ಲೈಡರು ವಿಮಾನವಿದ್ಯೆಯ ಅ ಆ ಇ ಈ, ದೊಡ್ಡವರು ಬಿಟ್ಟು ಮುಂದೆ ಹೋಗುವ ಮೆಟ್ಟಿಲು ಎಂಬ ತಿಳಿವಳಿಕೆ ಬಲವಾಗಿದೆ. ಕರ್ನಾಟಕದ ವಿಮಾನ ಚರಿತ್ರೆ ಇದನ್ನು ಒಪ್ಪುವುದಿಲ್ಲ. ಮೈಸೂರಿನ ಎಸ್. ವಿ. ಸೆಟ್ಟಿ 1911ರ ಹೊತ್ತಿಗೆ ಇಂಗ್ಲೆಂಡಿನಲ್ಲಿ ಎ. ವಿ. ರೋ ಅವರ ಬಳಿ ವಿಮಾನ ಕಟ್ಟುವುದನ್ನು ಕಲಿತರು. ಆ ರೋ ಅವರು ಜನರ ಕಣ್ಣಿಗೆ ಬಿದ್ದದ್ದು 1907ರಲ್ಲಿ ‘ಡೇಲಿ ಮೇಲ್’ ಪತ್ರಿಕೆ ಲಂಡನ್ನಿನಲ್ಲಿ ನಡೆಸಿದ ಮಾದರಿ ವಿಮಾನಗಳ ಸ್ಪರ್ಧೆಯಲ್ಲಿ 75 ಪೌಂಡು ಬಹುಮಾನ ಗೆದ್ದಾಗ. 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ (ಎಚ್ಎಎಲ್) ಹುಟ್ಟಿತು. ಅಲ್ಲಿ ನಮ್ಮವರೇ ನಕ್ಷೆ ಬರೆದು ಕಟ್ಟಿದ ಮೊದಲ ಹಾರುಯಂತ್ರ ಎಂಜಿನ್ ಹೊತ್ತ ವಿಮಾನವಾಗಿರಲಿಲ್ಲ, ಹತ್ತು ಜನ ಕೂರುವ ಜಿ-1 ಗ್ಲೈಡರ್. ಅದರ ವಿನ್ಯಾಸ ವಿ. ಎಂ. ಘಾಟಗೆ ಅವರದು. ಅವರು ನಮ್ಮ ಗಡಿಗೆ ಅಂಟಿದ ಗಡಹಿಂಗ್ಲಜದ ಬಳಿಯ ಹಸೂರಚಂಪು ಗ್ರಾಮದವರು, ಜರ್ಮನಿಯ ಗಟಿಂಗೆನ್‌ನಲ್ಲಿ ಲುಡ್‌ವಿಗ್ ಪ್ರಾಂಟ್ಲ್ ಅವರ ಶಿಷ್ಯರು. 1942ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಏರೋನಾಟಿಕಲ್ ವಿಭಾಗ ಆರಂಭವಾದಾಗ ಅದರ ಹೊಣೆ ಹೊತ್ತವರೂ ಅವರೇ. 1951ರಲ್ಲಿ ಹಾರಿದ ಎಚ್‌ಟಿ-2 ಕೂಡ ಅವರ ಕೈಯದು.

ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಮರುತ್ ಯುದ್ಧವಿಮಾನದ್ದು. 1956ರಲ್ಲಿ ಬೆಂಗಳೂರಿಗೆ ಬಂದ ಜರ್ಮನ್ ವಿಮಾನ ವಿನ್ಯಾಸಕ ಕುರ್ಟ್ ಟ್ಯಾಂಕ್ ಮತ್ತು ಎಚ್ಎಎಲ್ ಎಂಜಿನಿಯರುಗಳು ಜೆಟ್ ಎಂಜಿನ್ ಕೂಡಿಸುವ ಮೊದಲು ಅದೇ ಅಳತೆಯ, ಅದೇ ಆಕಾರದ, ಇಬ್ಬರು ಕೂರುವ ಮರದ ಗ್ಲೈಡರನ್ನು ಕಟ್ಟಿದರು. ಎಕ್ಸ್-241 ಎಂಬ ಈ ಗ್ಲೈಡರನ್ನು 1959ರಲ್ಲಿ ಡಕೋಟಾ ವಿಮಾನ ಹಗ್ಗ ಕಟ್ಟಿ ಮೇಲಕ್ಕೆ ಎಳೆದೊಯ್ದು ಬಿಟ್ಟಿತು. ಇಳಿಯುವಾಗ ಒಂದು ಚಕ್ರದ ಕಾಲು ಬಿಚ್ಚದೆ ಪೆಟ್ಟು ತಿನ್ನುವವರೆಗೆ ಅದು 78 ಸಲ ಹಾರಿತು. ಮರುತ್ ಸ್ವಂತ ಎಂಜಿನ್ನಿನಲ್ಲಿ ನೆಲ ಬಿಟ್ಟದ್ದು 1961ರ ಜೂನ್ 17ರಂದು. ರೋಹಿಣಿ ಗ್ಲೈಡರಿನ ಮೊದಲ ಹಾರಾಟವೂ ಅದೇ 1961ರದು. ದೇಶದ ಈ ವೇಗದ ವಿಮಾನವೂ ಈ ಸಾದಾ ಗ್ಲೈಡರೂ ಒಂದೇ ವರ್ಷದ ಕೂಸುಗಳು. ನಾಗರಿಕ ವಿಮಾನಯಾನ ಇಲಾಖೆ ತನ್ನ ಗ್ಲೈಡರ್‌ಗಳಿಗೆ ಅಶ್ವಿನಿ, ಭರಣಿ, ರೋಹಿಣಿ, ಮೃಗಶಿರ ಎಂದು ನಕ್ಷತ್ರಗಳ ಹೆಸರಿಟ್ಟುಕೊಂಡು ಹೋಯಿತು; ಅದೇ ಹೆಸರುಗಳಲ್ಲಿ ಮಳೆ ಎಣಿಸುವ ನಮ್ಮ ರೈತರಿಗೆ ಈ ಸಂಗತಿ ತಿಳಿದಿದ್ದರೆ ನಗುತ್ತಿದ್ದರೇನೋ. ಅದಿರಲಿ. ವೇಗದ ವಿಮಾನ ಕಟ್ಟುವವರೇ ಎಂಜಿನ್ ಇಲ್ಲದೆ ರೆಕ್ಕೆಯ ಸ್ವಭಾವ ತಿಳಿಯಬೇಕೆಂದು ಎರಡು ವರ್ಷ ಮೊದಲೇ ಮರದ ಗ್ಲೈಡರ್ ಕಟ್ಟಿದರೆ, ಗ್ಲೈಡರನ್ನು ಮಕ್ಕಳಾಟವೆಂದು ತಳ್ಳಿಹಾಕಲು ಬರುವುದಿಲ್ಲ.

ಕುರ್ಟ್ ಟ್ಯಾಂಕ್ ಈ ಅಭ್ಯಾಸವನ್ನು ತಂದದ್ದು ಎಲ್ಲಿಂದ ಎಂದು ನೋಡಿದರೆ ವಾದದ ಇನ್ನರ್ಧ ಸಿಗುತ್ತದೆ. ಮೊದಲ ಮಹಾಯುದ್ಧದಲ್ಲಿ ಸೋತ ಜರ್ಮನಿಗೆ ವರ್ಸೇಲ್ಸ್ ಒಪ್ಪಂದ ಎಂಜಿನ್ ವಿಮಾನಗಳ ಮೇಲೆ ಕಟ್ಟು ಹಾಕಿತು. ಗ್ಲೈಡರಿಗೆ ಕಟ್ಟಿರಲಿಲ್ಲ. 1920ರಲ್ಲಿ ವಾಸರ್‌ಕುಪ್ಪೆ ಬೆಟ್ಟದ ಮೇಲೆ ಮೊದಲ ಗ್ಲೈಡರ್ ಸ್ಪರ್ಧೆ ನಡೆಯಿತು; ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕಾಲೇಜು ಕಾಲೇಜುಗಳಲ್ಲಿ ಹಾರಾಟದ ಸಂಘ ಕಟ್ಟಿದರು. ಬರ್ಲಿನ್ನಿನ ಅಂಥ ಸಂಘವನ್ನು ಕಟ್ಟಿದವರಲ್ಲಿ ವಿದ್ಯಾರ್ಥಿ ಟ್ಯಾಂಕ್ ಒಬ್ಬ. ಬೆಟ್ಟ ಆ ದೇಶದಲ್ಲಿ ಯುದ್ಧಕ್ಕೆ ಮೊದಲೂ ಇತ್ತು, ಗಾಳಿಯೂ ಇತ್ತು. ಹೊಸದಾಗಿ ಬಂದದ್ದು ಸಂಘ: ರಜೆಯ ದಿನ ಒಟ್ಟಾಗಿ ಗುಡ್ಡ ಹತ್ತುವ, ಹಗ್ಗ ಎಳೆಯುವ, ಒಬ್ಬನ ತಪ್ಪನ್ನು ಇನ್ನೊಬ್ಬ ಬರೆದಿಟ್ಟುಕೊಳ್ಳುವ ಗುಂಪು. ಗ್ಲೈಡರ್ ವಿದ್ಯೆ ಎಲ್ಲಿ ಬೆಳೆದಿದೆಯೋ ಅಲ್ಲಿ ನೆಲದ ಗುಣಕ್ಕಿಂತ ಸಂಘದ ಕೆಲಸ ದೊಡ್ಡದಾಗಿ ಕಾಣುತ್ತದೆ. ನಮ್ಮ ನಾಲ್ಕು ತಾಲ್ಲೂಕುಗಳ ಕೊರತೆಯನ್ನೂ ಹೀಗೆಯೇ ಓದಬೇಕು ಎಂಬುದು ನನ್ನ ಅಭಿಪ್ರಾಯ.

ಇಲ್ಲಿ ಏಳುವ ಮೊದಲ ಆಕ್ಷೇಪ ಗೊತ್ತಿದ್ದದ್ದೇ. ಇಂಡಿ, ಸಿಂದಗಿ ಕಡೆ ಗುಡ್ಡ ಎಲ್ಲಿದೆ? ಕಣ್ಣು ಹಾಯಿಸಿದಷ್ಟೂ ಎರಿ ಭೂಮಿ, ಜೋಳ, ತೊಗರಿ, ಕಡಲೆ. ಭೀಮಾ, ಕೃಷ್ಣಾ, ನಡುವೆ ಡೋಣಿ. ಇದಕ್ಕೆ ಉತ್ತರ ಒಟ್ಟೊ ಲಿಲಿಯೆಂಟಾಲ್ ಕೊಟ್ಟಿದ್ದಾನೆ. ಮನುಷ್ಯನ ಗ್ಲೈಡರ್ ಹಾರಾಟಕ್ಕೆ ಮೊದಲ ಬುನಾದಿ ಹಾಕಿದ ಈತನಿಗೂ ಬರ್ಲಿನ್ ಬಳಿ ಗುಡ್ಡ ಸಿಗಲಿಲ್ಲ. 1894ರಲ್ಲಿ ಮಣ್ಣು ಗುಡ್ಡೆ ಹಾಕಿಸಿ ತಾನೇ ಒಂದು ಗುಡ್ಡ ಮಾಡಿಕೊಂಡ. ಅದರ ಎತ್ತರ 15 ಮೀಟರು. ಅದರ ಮೇಲಿನಿಂದ ಅವನು ತನ್ನನ್ನೇ ಹೊತ್ತು ಹಾರಿಸುವ ರೆಕ್ಕೆ ಕಟ್ಟಿಕೊಂಡು ಜಿಗಿದ. ನಾವು ಮಾತಾಡುತ್ತಿರುವುದು ಕಿಲೋ ತೂಗದ ಮಾದರಿಗಳ ಬಗ್ಗೆ. ಇನ್ನು ಲೆಕ್ಕ ನೋಡಿ. ಗಾಳಿ ಇಳಿಜಾರಿಗೆ ಎದುರಾಗಿ ಬಡಿದಾಗ ಮೇಲಕ್ಕೆ ತಿರುಗುತ್ತದೆ. ಸೆಕೆಂಡಿಗೆ 5 ಮೀಟರು, ಅಂದರೆ ಗಂಟೆಗೆ 18 ಕಿಲೋಮೀಟರು ಗಾಳಿ, ಆರು ಮಾರಿಗೆ ಒಂದು ಮಾರು ಏರುವ ಇಳಿಜಾರು ಇದ್ದರೆ, ಅದರ ಮೈಗುಂಟ ಗಾಳಿ ಸೆಕೆಂಡಿಗೆ ಸುಮಾರು 0.8 ಮೀಟರು ಮೇಲೇರುತ್ತದೆ. ಚೆನ್ನಾಗಿ ಕಟ್ಟಿದ ಹಗುರ ಗ್ಲೈಡರು ನಿಶ್ಚಲ ಗಾಳಿಯಲ್ಲಿ ಸೆಕೆಂಡಿಗೆ ಅರ್ಧ ಮೀಟರಿನ ಆಸುಪಾಸು ಇಳಿಯುತ್ತದೆ. ಏರುವ ಗಾಳಿ ಇಳಿಯುವ ರೆಕ್ಕೆಗಿಂತ ಮುಂದಿರುವವರೆಗೆ ಗ್ಲೈಡರು ನೆಲಕ್ಕೆ ಬರುವುದಿಲ್ಲ. ನೆಲದಿಂದ ಮೇಲೆ ಹೋದಂತೆ ಈ ಏರು ಸಣ್ಣದಾಗುತ್ತದೆ, ಅದು ನಿಜ. ಹಾಗಾಗಿ ಸಣ್ಣ ಗುಡ್ಡದ ಮೇಲೆ ಹಾರಾಟವೂ ತಗ್ಗಿನದೇ. ಆದರೆ ಕಲಿಯಲು ಅದೇ ಒಳ್ಳೆಯದು.

ಮತ್ತೆ ನಮ್ಮ ನೆಲ ಹೇಳುವಷ್ಟು ಮಟ್ಟಸವೂ ಅಲ್ಲ. ಇಂಡಿ, ಸಿಂದಗಿ, ಬಾಗೇವಾಡಿಗಳ ಬಹುಭಾಗ ದಖ್ಖನ್ನಿನ ಲಾವಾ ಪದರಗಳ ನೆಲ. ಪದರದ ಮೇಲೆ ಪದರ ಕೂತ ಈ ಕಲ್ಲು ಸವೆಯುವಾಗ ಮೆಟ್ಟಿಲು ಮೆಟ್ಟಿಲಾಗಿ ಸವೆಯುತ್ತದೆ. ಮೇಲೆ ಮಟ್ಟಸ, ಅಂಚಿನಲ್ಲಿ ತಟ್ಟನೆ ಇಳಿಜಾರು. ನಮ್ಮವರು ಮಡ್ಡಿ ಎನ್ನುವ, ಮೇಲ್ಮಣ್ಣು ತೆಳುವಾದ, ಬಿತ್ತಿದರೆ ಬೀಜವೂ ಮರಳಿ ಬಾರದ ಜಾಗಗಳು ಇವೇ. ಮುದ್ದೇಬಿಹಾಳದ ದಕ್ಷಿಣದಲ್ಲಿ ಕಲ್ಲು ಬದಲಾಗಿ, ಕೃಷ್ಣೆಯ ಕಡೆಗೆ ನಿಜವಾದ ಗುಡ್ಡಗಳೇ ಕಾಣುತ್ತವೆ. ಗಾಳಿಯ ಬಗ್ಗೆ ಬೇರೆ ಪುರಾವೆ ಬೇಡ. ಜಿಲ್ಲೆಯ ಬಯಲಿನಲ್ಲಿ ಗಾಳಿಯಂತ್ರದ ಕಂಪನಿಗಳು ಕೋಟಿಗಟ್ಟಲೆ ಸುರಿದು ಕಂಬ ನಿಲ್ಲಿಸಿದ್ದು ಪುಣ್ಯಕ್ಕಲ್ಲ. ಕಣದಲ್ಲಿ ರಾಶಿ ತೂರಿದವರಿಗೆ ಗಾಳಿ ಯಾವ ಹೊತ್ತಿಗೆ ಏಳುತ್ತದೆ, ಯಾವ ಹೊತ್ತಿಗೆ ಬೀಳುತ್ತದೆ, ಯಾವ ದಿಕ್ಕಿಗೆ ಬೆನ್ನು ಕೊಟ್ಟು ನಿಲ್ಲಬೇಕು ಎಂಬುದು ಪುಸ್ತಕವಿಲ್ಲದೆ ಗೊತ್ತಿತ್ತು. ರಾಶಿ ಯಂತ್ರ ಬಂದ ಮೇಲೆ ಹೊಸ ತಲೆಮಾರಿಗೆ ಆ ತಿಳಿವಳಿಕೆ ದಾಟಲಿಲ್ಲ.

ಗುಡ್ಡದ ಮೇಲಿನ ಒಂದು ದಿನ ಹೇಗೆ ನಡೆಯುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಸಂಘದ ಅಗತ್ಯ ಗೊತ್ತಾಗುವುದು ಅಲ್ಲಿಯೇ. ಗಾಳಿ ಇಳಿಜಾರಿಗೆ ನೆಟ್ಟಗೆ ಬಡಿಯುವ ಅಂಚನ್ನು ಮೊದಲು ಆರಿಸಬೇಕು. ಓರೆಯಾಗಿ ಬಡಿದರೆ ಏರು ಕಡಿಮೆಯಾಗುತ್ತದೆ. ಬೆಳಿಗ್ಗೆ ಗಾಳಿ ನೆಲೆಗೊಳ್ಳುವವರೆಗೆ ಕಾಯಬೇಕು. ಕಾಯುವ ಹೊತ್ತಿನಲ್ಲಿ ಮಾದರಿಯ ಸಮತೋಲ ನೋಡುವುದು, ಮೂತಿಯಲ್ಲಿ ಸೀಸ ಕೂಡಿಸುವುದು, ಬಾಲದ ರೆಕ್ಕೆ ಓರೆಯಾಗಿದ್ದರೆ ಸರಿಪಡಿಸುವುದು. ರೇಡಿಯೊ ಹಿಡಿದು ಮಾದರಿಯನ್ನು ನಡೆಸುವವನು ಬೇರೆ, ಎರಡೂ ಕೈಯಲ್ಲಿ ಹಿಡಿದು ಗಾಳಿಗೆ ಎದುರಾಗಿ ದೂಡುವವನು ಬೇರೆ, ಆಕಾಶದಲ್ಲಿ ಇನ್ನೇನಿದೆ ಎಂದು ನೋಡುವವನು ಬೇರೆ, ಕೆಳಗೆ ಇಳಿದು ಬಿದ್ದದ್ದನ್ನು ತರುವವನು ಬೇರೆ. ತಿರುವು ಯಾವಾಗಲೂ ಗುಡ್ಡದ ಹೊರಗೆ, ಗಾಳಿಯ ಕಡೆಗೆ. ಗುಡ್ಡದ ಕಡೆ ತಿರುಗಿಸಿದರೆ ಗಾಳಿಯೇ ಅದನ್ನು ಬಂಡೆಗೆ ಒಯ್ದು ಬಡಿಯುತ್ತದೆ. ಎರಡು ಗ್ಲೈಡರು ಎದುರಾದರೆ ಯಾರ ಬಲಕ್ಕೆ ಗುಡ್ಡವಿದೆಯೋ ಅವರು ಹಾಗೇ ಹೋಗಬೇಕು, ಇನ್ನೊಬ್ಬರು ಹೊರಗೆ ಸರಿಯಬೇಕು. ಇಳಿಸುವುದೇ ಎಲ್ಲಕ್ಕಿಂತ ಕಷ್ಟ: ಅಂಚಿನ ಹಿಂದೆ ಗಾಳಿ ಸುಳಿದು ಮಗುಚುತ್ತದೆ, ಅಲ್ಲಿ ಅವಸರ ಮಾಡಿದ ಮಾದರಿ ತಲೆಕೆಳಗಾಗುತ್ತದೆ. ಇಳಿಸುವವನು ಜೋರಾಗಿ ಹೇಳಿಯೇ ಇಳಿಸಬೇಕು, ಉಳಿದವರು ದಾರಿ ಬಿಡಬೇಕು. ಇಂಡಿ ಕಡೆಯಾದರೆ ಲಿಂಬೆ ತೋಟಗಳ ಲೆಕ್ಕವನ್ನೂ ಇಟ್ಟುಕೊಳ್ಳಬೇಕು. ಲಿಂಬೆ ಮುಳ್ಳಿನಿಂದ ರೆಕ್ಕೆ ಹರಿಯದೆ ಬಿಡಿಸುವುದು ತೋಟದವನಿಗೂ ಆಗದ ಕೆಲಸ. ಇದರಲ್ಲಿ ಯಾವುದನ್ನೂ ಒಬ್ಬನೇ ಮಾಡಲಾಗದು. ಅಂತರರಾಷ್ಟ್ರೀಯ ಸ್ಪರ್ಧೆಗಳ ಎಫ್3ಎಫ್ ವಿಭಾಗದಲ್ಲಿ ಗುಡ್ಡದ ಅಂಚಿಗೆ ಸಮಾನಾಂತರವಾಗಿ 100 ಮೀಟರಿನ ದಾರಿಯನ್ನು ಹತ್ತು ಸಲ ಹಾಯಬೇಕು. ಹಾರಿಸುವವನು ಒಬ್ಬನಾದರೂ ಎರಡೂ ತುದಿಯಲ್ಲಿ ನಿಂತು ತಿರುವು ಎಣಿಸುವವರು ಇಲ್ಲದೆ ಅದು ನಡೆಯುವುದೇ ಇಲ್ಲ.

ಎರಡನೆಯ ಆಕ್ಷೇಪ ದುಡ್ಡಿನದು: ಇದು ಬೆಂಗಳೂರಿನ ಉಳ್ಳವರ ಹವ್ಯಾಸ. ರೇಡಿಯೊ, ಸರ್ವೊ, ಹೊರದೇಶದ ಬಾಲ್ಸಾ ಮರ ಎಲ್ಲ ಸೇರಿದರೆ ತಾಲ್ಲೂಕಿನ ಹುಡುಗನ ಕೈಗೆ ಭಾರವೇ, ಇದನ್ನು ಒಪ್ಪಬೇಕು. ಆದರೆ ಭಾರವಾದದ್ದು ರೇಡಿಯೊ, ಗ್ಲೈಡರ್ ಅಲ್ಲ. ಎಫ್1ಎ ಎಂಬ ಹಳೆಯ ವಿಭಾಗದಲ್ಲಿ ರೇಡಿಯೊ ಇಲ್ಲ, ಎಂಜಿನ್ ಇಲ್ಲ, ಗುಡ್ಡವೂ ಬೇಡ: 50 ಮೀಟರು ದಾರದಲ್ಲಿ ಪಟ ಏರಿಸಿದ ಹಾಗೆ ಓಡಿ ಏರಿಸುವುದು, ಬಿಡುವುದು, ಎಷ್ಟು ಹೊತ್ತು ಗಾಳಿಯಲ್ಲಿ ನಿಂತಿತೆಂದು ಗಡಿಯಾರ ಹಿಡಿಯುವುದು. ಸ್ಪರ್ಧೆಯ ಮಾದರಿಗೆ ಕನಿಷ್ಠ 410 ಗ್ರಾಂ ತೂಕದ ಕಟ್ಟಳೆ ಉಂಟು. ಕಲಿಯುವ ಮಾದರಿಗೆ ಯಾವ ಕಟ್ಟಳೆಯೂ ಇಲ್ಲ. ತರ್ಮಾಕೋಲು, ಬಿದಿರ ಸೀಳು, ಫೆವಿಕಾಲು ಸಾಕು. ಜೋಳದ ದಂಟಿನ ಬೆಂಡು, ಸಿಬರು ಹಿಡಿದು ಬಂಡಿ, ಕನ್ನಡಕ ಮಾಡಿಕೊಂಡು ಬೆಳೆದ ಮಕ್ಕಳ ನಾಡಿನಲ್ಲಿ ಹಗುರ ಸಾಮಾನನ್ನು ಹೇಗೆ ಕೂಡಿಸಬೇಕೆಂದು ಹೇಳಿಕೊಡಬೇಕಾಗಿಲ್ಲ.

ಮೂರನೆಯದು ಕಾಲದ ಆಕ್ಷೇಪ, ಹೆಚ್ಚು ಗಂಭೀರವಾದದ್ದು. ಈಗ ಡ್ರೋನ್ ಬಂದಿದೆ. ತೊಗರಿಗೆ ಔಷಧ ಹೊಡೆಯುವುದರಿಂದ ಹಿಡಿದು ಜಮೀನು ಅಳೆಯುವವರೆಗೆ ಕೆಲಸವಿದೆ, ಸಂಬಳವಿದೆ. ಹೀಗಿರುವಾಗ ಎಂಜಿನ್ ಇಲ್ಲದ ಹಲಗೆ ಹಾರಿಸಿ ಏನು ಬಂತು? ಉದ್ಯೋಗದ ಲೆಕ್ಕದಲ್ಲಿ ಈ ಮಾತು ಸರಿ, ಅದನ್ನು ವಾದಿಸಿ ಗೆಲ್ಲಲಾಗದು. ಆದರೆ ನಾಲ್ಕು ಫ್ಯಾನಿನ ಡ್ರೋನ್ ತಾನಾಗಿ ನೆಟ್ಟಗೆ ನಿಲ್ಲುವುದು ಅದರೊಳಗಿನ ಚಿಪ್ಪು ಸೆಕೆಂಡಿಗೆ ನೂರಾರು ಸಲ ಮೋಟಾರುಗಳನ್ನು ತಿದ್ದುವುದರಿಂದ. ಹಾರಿಸುವವನಿಗೆ ರೆಕ್ಕೆಯ ಕೋನ, ತೂಕದ ಜಾಗ, ಗಾಳಿಯ ಸುಳಿ ಗೊತ್ತಿರಬೇಕೆಂದಿಲ್ಲ. ಗ್ಲೈಡರು ಅಂಥ ಅಜ್ಞಾನವನ್ನು ಒಂದು ಕ್ಷಣವೂ ಸಹಿಸುವುದಿಲ್ಲ. ಮೂತಿಯ ತೂಕ ಹತ್ತು ಗ್ರಾಂ ಕಡಿಮೆಯಾದರೂ ಕೂಡಲೇ ತೋರಿಸುತ್ತದೆ. ಡ್ರೋನ್ ನಡೆಸುವವನಾಗಲು ಗ್ಲೈಡರ್ ಬೇಡ, ಡ್ರೋನ್ ಕಟ್ಟುವವನಾಗಲು ಬೇಕು. ಇನ್ನು ಕಾನೂನು ಅಡ್ಡ ಬರುತ್ತದೆ ಎನ್ನುವವರು 2021ರ ಆಗಸ್ಟಿನ ಡ್ರೋನ್ ನಿಯಮಗಳನ್ನು ಓದಬೇಕು. ಕಲಿಕೆಗೆ, ಸಂಶೋಧನೆಗೆ, ಮನರಂಜನೆಗೆ ಕಣ್ಣಳತೆಯಲ್ಲಿ ಹಾರಿಸುವ, 25 ಕಿಲೋ ಮೀರದ ಮಾದರಿಗಳನ್ನು ಅವು ಬೇರೆಯಾಗಿ ಗುರುತಿಸಿವೆ. ಅವಕ್ಕೆ ಟೈಪ್ ಸರ್ಟಿಫಿಕೇಟಿನ ಕಾಟವಿಲ್ಲ. ಹಸಿರು ವಲಯದಲ್ಲಿ 400 ಅಡಿಯವರೆಗೆ ಅವಕಾಶವಿದೆ. ಆಲಮಟ್ಟಿ ಅಣೆಕಟ್ಟು, ಕೂಡಗಿಯ ವಿದ್ಯುತ್ ಸ್ಥಾವರ, ಬರಲಿರುವ ವಿಮಾನ ನಿಲ್ದಾಣ ಇರುವ ಜಿಲ್ಲೆಯಲ್ಲಿ ವಲಯದ ನಕ್ಷೆ ನೋಡದೆ ಹೊರಡುವಂತಿಲ್ಲ, ಅಷ್ಟೆ.

ನನಗೆ ನಿಜವಾಗಿ ಭಾರವಾಗಿ ಕಾಣುವ ಆಕ್ಷೇಪ ಕಲಿಸುವವರದು. ನಕ್ಷೆಯಿದೆ, ಗಾಳಿಯಿದೆ, ತರ್ಮಾಕೋಲಿದೆ. ಗುಡ್ಡದ ಮೇಲೆ ಪಕ್ಕದಲ್ಲಿ ನಿಂತು ‘ಈಗ ತಿರುಗಿಸು’ ಎನ್ನುವವರು ಯಾರು? ಬೆಂಗಳೂರಿನಿಂದ ತಿಂಗಳಿಗೊಬ್ಬ ಬೋಧಕ ಬಂದು ಹೋದರೆ ಸಂಘ ಬೆಳೆಯುವುದಿಲ್ಲ. ಎನ್‌ಸಿಸಿ ಈ ತೊಡಕನ್ನು ಇನ್ನೊಂದು ಕಡೆ ಬಿಡಿಸಿಕೊಂಡಿದೆ: ಕಾಲೇಜಿನ ಉಪನ್ಯಾಸಕರನ್ನೇ ಆರಿಸಿ ತರಬೇತಿ ಕೊಟ್ಟು ಅಧಿಕಾರಿಯ ಪಟ್ಟಿ ಕೊಟ್ಟು ಅದೇ ಕಾಲೇಜಿಗೆ ಮರಳಿ ಕಳಿಸುತ್ತದೆ. ಪರೇಡು ಕಲಿಸಲು ಈ ದಾರಿ ಸಾಕಾಗಿದ್ದರೆ ಗ್ಲೈಡರಿಗೂ ಸಾಕಾಗಬೇಕು. ಭೌತಶಾಸ್ತ್ರದ ಒಬ್ಬ ಉಪನ್ಯಾಸಕಿ, ಐಟಿಐಯ ಒಬ್ಬ ಬಡಿಗಿ ಮೇಷ್ಟ್ರು ಇಬ್ಬರೂ ಸೇರಿದರೆ ಸ್ಕ್ವಾಡ್ರನ್ನಿನ ಬೋಧಕನ ಅರ್ಧ ಕೆಲಸ ಮುಗಿಯುತ್ತದೆ. ಉಗ್ರಾಣದ ಬೀಗವನ್ನು ಬೇರೆಯವರಿಗೆ ಕೊಡಬಹುದು.

ಪ್ರತಿ ತಾಲ್ಲೂಕಿಗೂ ಒಂದೊಂದು ಘಟಕ ಬೇಕೆಂದು ನಾನು ಹೇಳುತ್ತಿಲ್ಲ. 2018ರ ನಂತರ ಇವೇ ನಾಲ್ಕು ಒಡೆದು ಚಡಚಣ, ಆಲಮೇಲ, ದೇವರಹಿಪ್ಪರಗಿ, ತಾಳಿಕೋಟೆ, ನಿಡಗುಂದಿ, ಕೊಲ್ಹಾರ ಎಂದು ಹಲವಾಗಿವೆ. ಕಚೇರಿಗಳು ಹೆಚ್ಚಿದಷ್ಟು ಕೆಲಸ ಹೆಚ್ಚುವುದಿಲ್ಲ ಎಂಬುದನ್ನು ಎಲ್ಲರೂ ಬಲ್ಲರು. ಹಳೆಯ ನಾಲ್ಕಕ್ಕೂ ಸೇರಿ ಒಂದೇ ಸಂಘ ಸಾಲುತ್ತದೆ, ಏಕೆಂದರೆ ನೆಲ ಮತ್ತು ಕಾಲ ವರ್ಷವನ್ನು ಆಗಲೇ ಹಂಚಿಕೊಟ್ಟಿವೆ. ಮಿರ್ಗ, ಆರಿದ್ರದ ಹೊತ್ತಿಗೆ ಪಡುವಣ ಗಾಳಿ ಜೋರಾಗಿರುತ್ತದೆ, ಆದರೆ ಹನಿ ಬಿದ್ದ ಎರಿ ಹೊಲದಲ್ಲಿ ಮೊಳಕಾಲುದ್ದ ಕೆಸರು, ಕಾಲಿಡಲಾಗದು; ಆಗ ಮುದ್ದೇಬಿಹಾಳದ ಕಲ್ಲುಗುಡ್ಡ, ಬಾಗೇವಾಡಿಯ ಪಡುವಣಕ್ಕೆ ಮುಖ ಮಾಡಿದ ಮಡ್ಡಿಗಳ ಸರದಿ. ಹಿಂಗಾರಿ ಜೋಳ ಕೊಯ್ದು ಹೊಲ ಬಯಲಾದ ಮೇಲೆ ಗಾಳಿ ಸಣ್ಣದಾಗಿ, ಬಿಸಿಲಿಗೆ ಕಾದ ಕಪ್ಪು ನೆಲದಿಂದ ಬಿಸಿ ಗಾಳಿ ಗುಂಪುಗುಂಪಾಗಿ ಏಳುತ್ತದೆ. ಗುಡ್ಡ ಬೇಡದ ದಾರದ ಗ್ಲೈಡರಿಗೆ ಅದಕ್ಕಿಂತ ಒಳ್ಳೆಯ ಕಾಲವಿಲ್ಲ. ಆ ತಿಂಗಳುಗಳು ಇಂಡಿ ಮತ್ತು ಸಿಂದಗಿಯವು. ಹೊಲದ ಯಜಮಾನರ ಒಪ್ಪಿಗೆ ಕೇಳಿ, ಒಡ್ಡು ತುಳಿಯದೆ, ಕಣದ ಮೇವಿನ ಬಣವಿಯಿಂದ ದೂರ ನಿಂತರೆ ಯಾರೂ ಬೇಡವೆನ್ನುವುದಿಲ್ಲ.